ಖಾಲಿ ಲಿಫ್ಟು ಮೇಲಕ್ಕೆ ಹೋಗತ್ತೆ

ಈಗ ಅವಳು ರಸ್ತೆಯಲ್ಲಿ ನಡೆದು ಹೋಗುತ್ತಿದ್ದರೆ ಯಾವುದಾದರೂ ಶಾಲಾ ಬಸ್ಸಿನ ಕಿಟಕಿಯಿಂದ "ಲಿಫ್ಟಕ್ಕಾ" ಎಂಬ ಕೂಗು ಬರುತ್ತದೆ. ಅವಳು ತಿರುಗಿ ಕೈ ಬೀಸುತ್ತಾಳೆ. ಆ ಹೆಸರು ಅಂಟಿಕೊಳ್ಳುವ ಮುಂಚೆ ಅವಳು ಕಂಪನಿಯವರಿಗೆ ಬರೀ ಮೇಡಂ ಆಗಿದ್ದಳು. ಅತ್ತೆಯ ಬಾಯಲ್ಲಿ "ನಮ್ಮ ಸೊಸೆ, ಅದೇನೋ ಡಬ್ಬ ರಿಪೇರಿ ಕೆಲಸ" ಆಗಿದ್ದಳು.

ಅದೇನು ಡಬ್ಬ ರಿಪೇರಿಯಲ್ಲ. ಅವಳು ಲಿಫ್ಟ್ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್. ಆಸ್ಪತ್ರೆ, ಕಚೇರಿ, ವಸತಿ ಕಟ್ಟಡಗಳ ನೆತ್ತಿಯ ಮೇಲೆ ಮಷೀನ್ ರೂಮ್ ಅಂತ ಒಂದು ಗೂಡಿರುತ್ತದೆ. ಲಿಫ್ಟಿನಲ್ಲಿ ಓಡಾಡುವ ಜನ ಅದರ ಬಾಗಿಲನ್ನೂ ನೋಡಿರುವುದಿಲ್ಲ. ಅವಳ ಅರ್ಧ ದಿನ ಅಲ್ಲೇ ಕಳೆಯುತ್ತಿತ್ತು. ಮೋಟಾರಿನ ಸದ್ದು ಕೇಳುವುದು, ಉಕ್ಕಿನ ಹಗ್ಗದ ಎಳೆ ಎಲ್ಲಾದರೂ ಬಿಟ್ಟಿದೆಯೇ ಎಂದು ನೋಡುವುದು, ಬ್ರೇಕಿನ ಪಟ್ಟಿ ಸವೆದಿದೆಯೇ ಎಂದು ಪರೀಕ್ಷಿಸುವುದು. ಜೊತೆಗಿರುತ್ತಿದ್ದವನು ಕಂಪನಿಯ ಹಿರಿಯ ಮೆಕ್ಯಾನಿಕ್. ಮದುವೆ ಮನೆಗೆ ಹೋದರೂ ಅವನ ಉಗುರಿನ ಸಂದಿಯಲ್ಲಿ ಕಪ್ಪು ಕೂತಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಗ್ರೀಸ್ ಮಾವ ಅನ್ನುತ್ತಿದ್ದರು.

ಅವಳು ಎಂಜಿನಿಯರ್ ಆದದ್ದರ ಹಿಂದೆ ದೊಡ್ಡ ಕನಸೇನೂ ಇರಲಿಲ್ಲ. ಶಾಲೆಯಲ್ಲಿದ್ದಾಗ ಒಬ್ಬ ಎಂಜಿನಿಯರನ್ನೂ ಅವಳು ಹತ್ತಿರದಿಂದ ಕಂಡವಳಲ್ಲ. ಗೆಳತಿಯೊಬ್ಬಳು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಳು, ಬಸ್ಸಿನಲ್ಲಿ ಒಬ್ಬಳೇ ಹೋಗಲು ಬೇಜಾರು ಅಂದಳು, ಇವಳೂ ಸೇರಿದಳು. ಗೆಳತಿ ಮೊದಲ ವರ್ಷಕ್ಕೇ ಕೈಕೊಟ್ಟು ಬೇರೆ ಓದಿಗೆ ಹೋದಳು. ಇವಳು ಅಷ್ಟರಲ್ಲಿ ವರ್ಕ್‌ಶಾಪಿನ ಕಬ್ಬಿಣ ಕಡೆಯುವ ಲೇತ್ ಮಷೀನಿಗೆ ಮನಸ್ಸು ಕೊಟ್ಟುಬಿಟ್ಟಿದ್ದಳು.

ಒಂದು ದಿನ ಕಂಪನಿಯ ದೊಡ್ಡ ಕಚೇರಿಯಿಂದ ಆದೇಶ ಬಂತು. ಪ್ರತಿಯೊಂದು ಶಾಖೆಯವರೂ ಒಂದು ಶಾಲೆಗೆ ಹೋಗಿ ಮಕ್ಕಳಿಗೆ ವಿಜ್ಞಾನ, ಎಂಜಿನಿಯರಿಂಗ್ ಕಡೆ ಒಲವು ಮೂಡಿಸಬೇಕು. ಆದೇಶ ಓದಿದ ಎಲ್ಲರಿಗೂ ಒಟ್ಟೊಟ್ಟಿಗೆ ಕೆಲಸ ಬಂದುಬಿಟ್ಟಿತು. ಯಾರೋ ಟೂರಿಗೆ ಹೊರಟರು, ಯಾರಿಗೋ ಗಂಟಲು ಕಟ್ಟಿತು. ಮ್ಯಾನೇಜರ್ ಅವಳ ಮೇಜಿನ ಹತ್ತಿರ ಬಂದು ನಿಂತರು.

"ನೀವೇ ಹೋಗ್ಬನ್ನಿ ಮೇಡಂ. ಹೆಣ್ಮಕ್ಕಳ ಶಾಲೆ. ನೀವೂ ಹೆಣ್ಮಗಳು. ಸರಿ ಹೊಂದುತ್ತೆ."

"ಹಂಗಾದ್ರೆ ಗಂಡುಮಕ್ಕಳ ಶಾಲೆಗೆ ನೀವು ಹೋಗ್ತೀರಾ ಸರ್?"

"ನಂಗೆ ಬೆನ್ನು ನೋವು," ಎಂದು ಅವರು ಬೆನ್ನು ನೆಟ್ಟಗೆ ಮಾಡಿಕೊಂಡೇ ಹೊರಟುಹೋದರು.

ಶಾಲೆಯ ಸಭಾಂಗಣ ತುಂಬಿತ್ತು. ಅವಳು ಜೀವನದಲ್ಲಿ ಮೊದಲ ಸಲ ಮೈಕು ಹಿಡಿದಿದ್ದಳು. ದೊಡ್ಡ ಕಚೇರಿಯವರು ಕಳಿಸಿಕೊಟ್ಟಿದ್ದ ಚಿತ್ರಗಳು ಪರದೆಯ ಮೇಲೆ ಒಂದಾದ ಮೇಲೊಂದು ಬಂದವು. ನಗುತ್ತಿರುವ ಯುವಕ ಯುವತಿಯರು, ಹೊಳೆಯುವ ಟೋಪಿ, ಹಿಂದೆ ಗಾಜಿನ ಕಟ್ಟಡ. ಎಂಜಿನಿಯರಿಂಗಿನಲ್ಲಿ ಎಷ್ಟು ಶಾಖೆ, ಯಾವ ಪರೀಕ್ಷೆ ಬರೆಯಬೇಕು, ದೇಶದ ಪ್ರಗತಿಗೆ ಏನು ಬೇಕು ಎಂದೆಲ್ಲ ಅವಳು ಹೇಳುತ್ತಾ ಹೋದಳು. ಅವಳಿಗೇ ತನ್ನ ದನಿ ರೈಲು ನಿಲ್ದಾಣದ ಪ್ರಕಟಣೆಯಂತೆ ಕೇಳತೊಡಗಿತು. ಮುಂದಿನ ಸಾಲಿನ ಒಬ್ಬಳು ಪಕ್ಕದವಳ ಜಡೆ ಬಿಚ್ಚಿ ಮತ್ತೆ ಹೆಣೆದು ಮುಗಿಸಿದಳು. ಕೊನೆಯ ಸಾಲಿನಲ್ಲಿ ಒಬ್ಬಳು ಕಂಬಕ್ಕೆ ತಲೆ ಕೊಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಗೋಡೆಗೊರಗಿ ನಿಂತಿದ್ದ ಗ್ರೀಸ್ ಮಾವ ಕೂಡ ಆಕಳಿಸಿದ.

ಕೊನೆಗೆ ಹೆಡ್‌ಮಿಸ್ ಎದ್ದು, "ಯಾರಿಗಾದ್ರೂ ಪ್ರಶ್ನೆ ಇದ್ಯಾ?" ಎಂದರು. ಹೆಡ್‌ಮಿಸ್ ಅಂದರೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿ; ದಪ್ಪ ಚೌಕಟ್ಟಿನ ಕನ್ನಡಕ, ಅದರ ಮೇಲಿಂದ ನೋಡುವ ನೋಟ. ಆ ನೋಟಕ್ಕೆ ಹೆದರಿ ಯಾರೂ ಕೈ ಎತ್ತಲಿಲ್ಲ. ಆಮೇಲೆ ನಡುವಿನಲ್ಲೆಲ್ಲೋ ಒಂದು ಕೈ ಎದ್ದಿತು. ಸುತ್ತಲಿನ ಹುಡುಗಿಯರು ಮುಸಿಮುಸಿ ನಕ್ಕರು.

"ಶುರುವಾಯ್ತು ನೋಡು, ಡೌಟು," ಎಂದು ಒಬ್ಬಳು ಪಿಸುಗುಟ್ಟಿದ್ದು ಮೈಕಿನ ಹತ್ತಿರದವರೆಗೂ ಕೇಳಿಸಿತು. ಸದಾ ಅನುಮಾನ ಕೇಳುತ್ತಿದ್ದುದರಿಂದ ಆ ಹುಡುಗಿಯನ್ನು ಇಡೀ ಶಾಲೆ ಡೌಟು ಎಂದೇ ಕರೆಯುತ್ತಿತ್ತು.

"ಮೇಡಂ, ಕರೆಂಟು ಹೋಗಿ, ಬ್ರೇಕೂ ಬಿಟ್ಟೋದ್ರೆ ಲಿಫ್ಟು ಕೆಳಗೆ ಬೀಳತ್ತಾ?"

ಅವಳು ಯೋಚಿಸದೆ ಉತ್ತರ ಕೊಟ್ಟಳು. ಆ ಒಂದು ಗಂಟೆಯಲ್ಲಿ ಅವಳು ಕಾಗದ ನೋಡದೆ ಹೇಳಿದ ಮೊದಲ ಮಾತು ಅದು.

"ಒಳಗೆ ಯಾರೂ ಇಲ್ದಿದ್ರೆ ಕೆಳಗೆ ಬೀಳಲ್ಲ. ಮೇಲಕ್ಕೆ ಹೋಗತ್ತೆ."

ಸಭಾಂಗಣದಲ್ಲಿ ನಗು ಎದ್ದಿತು. ಜಡೆ ಹೆಣೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಮೇಲಕ್ಕೆ?" ಎಂದಳು ಡೌಟು. "ಕರೆಂಟ್ ಇಲ್ದೆ?"

"ಹೂಂ, ಕರೆಂಟ್ ಇಲ್ದೆ."

"ಸುಳ್ಳು," ಎಂದು ಡೌಟುವಿನ ಬಾಯಿ ತಪ್ಪಿ ಬಂದುಬಿಟ್ಟಿತು. ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು. ಆದರೆ ಈಗ ಎಲ್ಲರೂ ಮಾತಾಡುತ್ತಿದ್ದರು. ನಮ್ಮ ಅಪ್ಪ ಹೇಳಿದ್ರು ಬೀಳುತ್ತೆ ಅಂತ. ಸಿನಿಮಾದಲ್ಲಿ ಬೀಳುತ್ತಲ್ಲ. ಬಲೂನಾ ಅದು, ಮೇಲೆ ಹೋಗಕ್ಕೆ? ಕಂಬಕ್ಕೊರಗಿ ಮಲಗಿದ್ದವಳು ಎದ್ದು ಕೂತು, "ಏನಂತೆ, ಏನಂತೆ?" ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಮೈಕು ಹಿಡಿದವಳ ಎದೆ ಹೊಡೆದುಕೊಳ್ಳತೊಡಗಿತು. ಇದು ಭಯವಲ್ಲ ಅಂತ ಅವಳಿಗೆ ಗೊತ್ತಾಯಿತು. ಕಾಲೇಜಿನ ಲೇತ್ ಮಷೀನು ಮೊದಲ ಸಲ ಕಬ್ಬಿಣದ ಸುರುಳಿ ಬಿಚ್ಚಿದಾಗ ಹೀಗೇ ಆಗಿತ್ತು.

"ನಂಬ್ಬೇಡಿ," ಎಂದಳು ಮೈಕಿನಲ್ಲಿ. "ನಾನು ಹೇಳ್ದೆ ಅಂತ ನಂಬಲೇಬೇಡಿ. ಕರ್ಕೊಂಡು ಹೋಗಿ ತೋರಿಸ್ತೀನಿ."

ವಾಪಸು ಬರುವಾಗ ವ್ಯಾನಿನಲ್ಲಿ ಗ್ರೀಸ್ ಮಾವ, "ಅಲ್ಲಮ್ಮ, ತೋರಿಸ್ತೀನಿ ಅಂದುಬಿಟ್ಯಲ್ಲ, ಎಲ್ಲಿ ತೋರಿಸ್ತೀಯ?" ಎಂದ.

"ಮಷೀನ್ ರೂಮಲ್ಲಿ, ಮಾವ."

"ಹುಡುಗೀರ ಹಿಂಡನ್ನ ಮಷೀನ್ ರೂಮಿಗೆ ಬಿಡೋದಾ? ನಂಗೆ ಮಕ್ಕಳು ಅಂದ್ರೆ ಆಗಲ್ಲ, ಗೊತ್ತಲ್ಲ? ಎಲ್ಲದನ್ನೂ ಮುಟ್ತವೆ."

"ನೀನೂ ಮುಟ್ತಾ ಮುಟ್ತಾನೇ ಕಲಿತಿದ್ದಲ್ವಾ?"

ಮಾವ ಕಿಟಕಿಯ ಕಡೆ ತಿರುಗಿದ. ಅದು ಒಪ್ಪಿಗೆ ಎಂದು ಅವಳಿಗೆ ಗೊತ್ತಿತ್ತು.

ಮ್ಯಾನೇಜರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಸುರಕ್ಷತೆ, ವಿಮೆ, ಕಟ್ಟಡದ ಮಾಲೀಕರು ಎಂದು ಅವರು ಬೆರಳು ಮಡಚುತ್ತಾ ಹೋದರು. ಅವಳು ಒಂದೊಂದೇ ಬೆರಳು ಬಿಡಿಸಿದಳು. ರಜಾ ದಿನದ ಬೆಳಿಗ್ಗೆ ಹೋಗೋಣ, ಕಚೇರಿ ಕಟ್ಟಡ ಖಾಲಿ ಇರುತ್ತೆ. ಮೇಲಕ್ಕೆ ಕೆಲವೇ ಮಕ್ಕಳನ್ನ ಬಿಡೋಣ, ಎಲ್ಲರಿಗೂ ಹೆಲ್ಮೆಟ್ಟು. ಹಳದಿ ಗೆರೆ ಎಳೆದು ಅದರಾಚೆ ಯಾರೂ ಕಾಲಿಡದ ಹಾಗೆ ಮಾವನನ್ನು ನಿಲ್ಲಿಸೋಣ. ಮ್ಯಾನೇಜರ್ ಸೇಲ್ಸ್ ವಿಭಾಗದಿಂದ ಬಂದವರು. ಕೊನೆಗೆ ದನಿ ತಗ್ಗಿಸಿ ಕೇಳಿದರು:

"ನಿಜವಾಗ್ಲೂ ಖಾಲಿ ಲಿಫ್ಟು ಮೇಲಕ್ಕೆ ಹೋಗತ್ತೇನ್ರಿ? ಇಷ್ಟು ಲಿಫ್ಟ್ ಮಾರಿದೀನಿ, ಒಂದ್ಸಲಾನೂ ನೋಡಿಲ್ಲ."

"ಹಂಗಾದ್ರೆ ನೀವೂ ಬನ್ನಿ ಸರ್."

ಆ ಬೆಳಿಗ್ಗೆ ಹುಡುಗಿಯರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದರು. ಹಳೆಯ ಲಿಫ್ಟು, ಪ್ರತಿ ಅಂತಸ್ತಿನ ಬಾಗಿಲಲ್ಲೂ ಉದ್ದನೆಯ ಗಾಜಿನ ಪಟ್ಟಿ. ಅವಳು ಕೆಲವರನ್ನು ಕೆಳಗಿನ ಬಾಗಿಲ ಮುಂದೆ, ಉಳಿದವರನ್ನು ಅಂತಸ್ತಿಗೊಂದು ಗುಂಪಿನಂತೆ ಗಾಜಿನ ಎದುರು ನಿಲ್ಲಿಸಿದಳು. ಡೌಟು ಮತ್ತೆ ಕೆಲವರು ಅವಳ ಜೊತೆ ಮೇಲಕ್ಕೆ ಬಂದರು. ಅವರಲ್ಲಿ ತರಗತಿಯಲ್ಲೇ ಎತ್ತರದ ಒಬ್ಬ ಹುಡುಗಿಯಿದ್ದಳು. ಉದ್ದ ಕತ್ತು, ಮಾತು ಕಡಿಮೆ. ಗೆಳತಿಯರು ಅವಳನ್ನು ಕೊಕ್ಕರೆ ಎಂದು ಕರೆಯುತ್ತಿದ್ದರು, ಅವಳಿಗೇನೂ ಬೇಜಾರಿರಲಿಲ್ಲ.

ಮಷೀನ್ ರೂಮಿನಲ್ಲಿ ಎಣ್ಣೆಯ ವಾಸನೆ. ನಡುವೆ ಹಸಿರು ಬಣ್ಣದ ಮೋಟಾರು, ಅದರ ಪಕ್ಕ ದೊಡ್ಡ ರಾಟೆ, ರಾಟೆಯ ಮೇಲಿನಿಂದ ನೆಲದ ತೂತಿನೊಳಗೆ ಇಳಿದುಹೋದ ಉಕ್ಕಿನ ಹಗ್ಗಗಳು. ಹಗ್ಗದ ಮೇಲೆ ಅಲ್ಲಲ್ಲಿ ಹಳದಿ ಬಣ್ಣ ಬಳಿದಿತ್ತು.

"ಇದ್ಯಾಕೆ ಬಣ್ಣ?" ಎಂದಳು ಡೌಟು.

"ಲಿಫ್ಟು ಅಂತಸ್ತಿಗೆ ಸರಿಯಾಗಿ ಬಂದಾಗ ಆ ಗುರುತು ಇಲ್ಲಿ ನಿಲ್ಲತ್ತೆ. ಕೆಳಗೆ ಕಾಣ್ದಿದ್ರೂ ನಮಗಿಲ್ಲಿ ಗೊತ್ತಾಗತ್ತೆ," ಎಂದ ಗ್ರೀಸ್ ಮಾವ. ಮಕ್ಕಳು ಅಂದ್ರೆ ಆಗದವನು ಅವಳಿಗಿಂತ ಮುಂಚೆಯೇ ಉತ್ತರ ಕೊಟ್ಟಿದ್ದ.

ಕೆಳಗಿನಿಂದ ಮ್ಯಾನೇಜರ್ ಫೋನಿನಲ್ಲಿ ಹೇಳಿದರು: ಲಿಫ್ಟು ಕೆಳಗೇ ಇದೆ, ಒಳಗೆ ಯಾರೂ ಇಲ್ಲ, ಬಾಗಿಲು ಮುಚ್ಚಿದೆ. ಅವಳು ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಕರೆಂಟಿನ ಗುಯ್‌ಗುಟ್ಟುವಿಕೆ ನಿಂತಿತು. ಹುಡುಗಿಯರ ಉಸಿರಾಟ ಕೇಳುವಷ್ಟು ನಿಶ್ಶಬ್ದ.

"ಈಗ ಕರೆಂಟಿಲ್ಲ. ಹಿಡ್ಕೊಂಡಿರೋದು ಬ್ರೇಕು ಒಂದೇ. ಮಾವ ಅದನ್ನ ಬಿಡಿಸ್ತಾನೆ. ಡೌಟು, ನೀನು ಹಗ್ಗಾನೇ ನೋಡ್ತಿರು."

ಮಾವ ಬ್ರೇಕಿನ ಸನ್ನೆಕೋಲನ್ನು ನಿಧಾನವಾಗಿ ಒತ್ತಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ರಾಟೆ ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ತಿರುಗತೊಡಗಿತು. ಹಳದಿ ಗುರುತು ತೂತಿನಿಂದ ಮೇಲೆದ್ದು ಬಂತು.

ಕೆಳಗಿನ ಮೆಟ್ಟಿಲುಗಳ ಕಡೆಯಿಂದ ಕಿರುಚಾಟ ಕೇಳಿಸಿತು. "ಹೊರಟ್ತು, ಹೊರಟ್ತು." ಲಿಫ್ಟಿನ ಒಳಗಿನ ದೀಪಕ್ಕೆ ಬೇರೆ ತಂತಿ ಇರುತ್ತದೆ, ಆದ್ದರಿಂದ ಗಾಜಿನ ಪಟ್ಟಿಯಲ್ಲಿ ಬೆಳಕಿನ ಪೆಟ್ಟಿಗೆ ಮೇಲೇರುವುದು ಎಲ್ಲರಿಗೂ ಕಾಣುತ್ತಿತ್ತು. ಒಂದು ಅಂತಸ್ತಿನ ಕೂಗು ಮುಗಿಯುವಷ್ಟರಲ್ಲಿ ಅದರ ಮೇಲಿನ ಅಂತಸ್ತಿನ ಕೂಗು ಏಳುತ್ತಿತ್ತು. ನಮ್ಮಲ್ಲಿಗೆ ಬಂತು, ನಮ್ಮಲ್ಲಿಗೂ ಬಂತು. ಕೂಗೇ ಲಿಫ್ಟಿನ ಜೊತೆ ಮೆಟ್ಟಿಲು ಹತ್ತಿ ಬರುತ್ತಿದ್ದ ಹಾಗಿತ್ತು. ಅವುಗಳ ನಡುವೆ ಒಂದು ಗಂಡಸಿನ ದನಿಯೂ ಇತ್ತು. ಅದು ಮ್ಯಾನೇಜರದ್ದು.

ಡೌಟು ಹಗ್ಗದಿಂದ ಕಣ್ಣು ಕೀಳಲಿಲ್ಲ. "ಆ ಕಡೆ ಏನೋ ಇದೆ," ಎಂದಳು. "ಹಗ್ಗದ ಈ ಕಡೆ ಲಿಫ್ಟು. ಆ ಕಡೆ ಅದಕ್ಕಿಂತ ಭಾರದ್ದು ಇನ್ನೇನೋ ನೇತಾಡ್ತಿದೆ. ಅದು ಇಳೀತಿದೆ, ಅದಕ್ಕೇ ಇದು ಹತ್ತುತಿದೆ. ಹೌದಾ ಅಕ್ಕ?"

ಮೇಡಂ ಅಕ್ಕ ಆದದ್ದು ಆಗಲೇ. ಅವಳು ತೂತಿನ ಪಕ್ಕ ಕೂತು ಟಾರ್ಚು ಬಿಟ್ಟು ತೋರಿಸಿದಳು. ಕತ್ತಲಲ್ಲಿ ಕಬ್ಬಿಣದ ಗಟ್ಟಿಗಳ ಒಂದು ಅಟ್ಟಿ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅದಕ್ಕೆ ಕೌಂಟರ್ ವೇಟು ಅನ್ನುತ್ತಾರೆ, ಖಾಲಿ ಪೆಟ್ಟಿಗೆಗಿಂತ ಭಾರ, ಜನ ತುಂಬಿದ ಪೆಟ್ಟಿಗೆಗಿಂತ ಹಗುರ, ಹಾಗಾಗಿ ಮೋಟಾರು ಇಡೀ ಭಾರ ಹೊರಬೇಕಿಲ್ಲ, ವ್ಯತ್ಯಾಸ ಹೊತ್ತರೆ ಸಾಕು ಎಂದು ಹೇಳುವಾಗ ಅವಳ ಮಾತಿಗೆ ರೆಕ್ಕೆ ಬಂದಿತ್ತು. ಯಾರೂ ಜಡೆ ಹೆಣೆಯಲಿಲ್ಲ.

ಎಲ್ಲ ಮುಗಿದು ಕೆಳಗಿಳಿದ ಮೇಲೆ ಡೌಟು ಮತ್ತೆ ಹತ್ತಿರ ಬಂದಳು. "ಇದು ಸರಿ ಅಕ್ಕ. ಆದ್ರೆ ಹಗ್ಗಾನೇ ಕಿತ್ತೋದ್ರೆ?"

"ಅದಕ್ಕೂ ಒಂದಿದೆ. ಪೆಟ್ಟಿಗೆ ಜೋರಾಗಿ ಬೀಳಕ್ಕೆ ಶುರು ಮಾಡಿದ ತಕ್ಷಣ ಪಕ್ಕದ ಕಂಬೀನ ಕಚ್ಚಿ ಹಿಡಿಯೋ ಬ್ರೇಕು."

"ಅದನ್ನೂ ತೋರಿಸ್ತೀರಾ?"

"ತೋರಿಸಲ್ಲ. ನೀವೇ ಮಾಡಿ."

ಅಲ್ಲಿಂದ ಶುರುವಾಯಿತು. ಶಾಲೆಯ ಹಳೆಯ ಸಾಮಾನಿನ ಕೋಣೆಯನ್ನು ಹೆಡ್‌ಮಿಸ್ ಬಿಟ್ಟುಕೊಟ್ಟರು. ಮುರಿದ ಬೆಂಚುಗಳನ್ನು ಒಂದು ಮೂಲೆಗೆ ತಳ್ಳಿ ಹುಡುಗಿಯರು ಜಾಗ ಮಾಡಿದರು. ಲಿಫ್ಟಕ್ಕನ ಗಂಡನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅವನು ಒಳ್ಳೆಯ ಮರದ ಪಟ್ಟಿಗಳನ್ನು ಆರಿಸಿ, ಗರಗಸದ ಹಲ್ಲಿನಂತೆ ಕಚ್ಚು ಕೊಯ್ದು, ಎರಡು ಎತ್ತರದ ಕಂಬಿ ಮಾಡಿಕೊಟ್ಟ. "ಇಷ್ಟು ದಿನ ಗೋಡೆಗೆ ಮೊಳೆ ಹೊಡಿಯೋರಿಗೆ ಮಾತ್ರ ಕೆಲಸ ಮಾಡ್ತಿದ್ದೆ," ಎಂದ, ಕಂಬಿಯನ್ನು ಭುಜದ ಮೇಲೆ ಹೊತ್ತು ತಂದು ನಿಲ್ಲಿಸುವಾಗ.

ಎರಡು ಕಂಬಿಗಳ ನಡುವೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಸ್ಪ್ರಿಂಗು ಕೂರಿಸಿದ ಚಿಲಕ. ಹಗ್ಗ ಬಿಗಿಯಾಗಿದ್ದಷ್ಟು ಹೊತ್ತು ಚಿಲಕಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ಹಗ್ಗ ತುಂಡಾದರೆ ಸ್ಪ್ರಿಂಗು ಅವನ್ನು ಹೊರಕ್ಕೆ ತಳ್ಳಬೇಕು, ಚಿಲಕ ಕಂಬಿಯ ಕಚ್ಚಿಗೆ ಸಿಕ್ಕಿ ಪೆಟ್ಟಿಗೆ ನಿಲ್ಲಬೇಕು. ಒಳಗೆ ಪ್ರಯಾಣಿಕರ ಬದಲು ಒಂದು ಕೋಳಿಮೊಟ್ಟೆ.

ಮೊದಲ ಸಲ ಹಗ್ಗ ಕತ್ತರಿಸಿದಾಗ ಮೊಟ್ಟೆ ನೆಲಕ್ಕೆ ಬಿದ್ದು ಹೆಡ್‌ಮಿಸ್ ಪಾದದವರೆಗೂ ಸಿಡಿಯಿತು. ಎರಡನೆಯದು ಚಾವಣಿಗೆ ಹೇಗೆ ಹೋಯಿತೆಂದು ಈಗಲೂ ಯಾರಿಗೂ ಗೊತ್ತಿಲ್ಲ. ಸ್ಪ್ರಿಂಗು ಬದಲಾಯಿಸಿದರು, ಚಿಲಕ ಉಜ್ಜಿದರು, ಮೇಣ ಹಚ್ಚಿದರು. ಮೊಟ್ಟೆ ಒಡೆಯುತ್ತಲೇ ಇತ್ತು. ಒಂದು ಪಕ್ಕದ ಚಿಲಕ ಕಚ್ಚುವಷ್ಟರಲ್ಲಿ ಇನ್ನೊಂದು ಕಣ್ಣು ಮಿಟುಕಿಸುವಷ್ಟು ತಡ ಮಾಡುತ್ತಿತ್ತು. ಪೆಟ್ಟಿಗೆ ಒಂದೇ ಕಡೆ ನೇತುಬಿದ್ದು ವಾಲುತ್ತಿತ್ತು, ಮೊಟ್ಟೆ ಉರುಳಿ ಹೊರಗೆ. ಲಿಫ್ಟಕ್ಕನಿಗೆ ಉತ್ತರ ಗೊತ್ತಿತ್ತು. ನಾಲಿಗೆ ತುದಿಯವರೆಗೂ ಬರುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಹೊರಗೆ ಹೋಗಿ ನೀರು ಕುಡಿದು ಬರುತ್ತಿದ್ದಳು.

ಆ ದಿನಗಳಲ್ಲೇ ಡೌಟುವಿನ ಅಮ್ಮ ಶಾಲೆಗೆ ಬಂದರು. ಮನೆಯಲ್ಲೇ ಬಟ್ಟೆ ಹೊಲಿದುಕೊಡುವ ಹೆಂಗಸು, ಕತ್ತಿನಲ್ಲಿ ಇನ್ನೂ ಅಳತೆ ಟೇಪು.

"ನೀವೇನಾ ಲಿಫ್ಟಕ್ಕ? ನನ್ ಮಗಳು ಹೊಲಿಗೆ ಮಷೀನು ಬಿಚ್ಚಿ ಹಾಕಿದಾಳೆ. ಒಳಗೆ ಸ್ಪ್ರಿಂಗು ಹೆಂಗಿದೆ ನೋಡ್ಬೇಕಂತೆ. ನಾಳೆ ಬಟ್ಟೆ ಕೇಳೋರಿಗೆ ನಾನೇನ್ ಹೇಳ್ಲಿ?"

ಲಿಫ್ಟಕ್ಕ ಅಂದು ಸಂಜೆಯೇ ಅವರ ಮನೆಗೆ ಹೋದಳು. ಒಂದೇ ಕೋಣೆ, ಕಿಟಕಿಯ ಪಕ್ಕ ಮಷೀನು, ನೆಲದ ಮೇಲೆ ಹಳೆಯ ಬಟ್ಟೆ ಹಾಸಿ ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಡೌಟು ಸಾಲಾಗಿ ಇಟ್ಟಿದ್ದಳು. ಆ ಸಾಲು ನೋಡಿ ಲಿಫ್ಟಕ್ಕನಿಗೆ ಖುಷಿ ತಡೆಯಲಾಗಲಿಲ್ಲ. ಅವಳೂ ಡೌಟೂ ನೆಲದ ಮೇಲೆ ಕೂತು, ಒಂದೊಂದನ್ನೇ ಒರೆಸಿ, ಎಣ್ಣೆ ಹಾಕಿ ಜೋಡಿಸಿದರು. ಅಮ್ಮ ಮೊದಲು ಬಾಗಿಲಲ್ಲಿ ನಿಂತಿದ್ದರು, ಆಮೇಲೆ ಹತ್ತಿರ ಬಂದರು, ಆಮೇಲೆ ತಾವೂ ಕೂತರು.

"ಎಂಜಿನಿಯರ್ ಅಂದ್ರೆ ಫ್ಯಾನ್ ಕೆಳಗೆ ಕುರ್ಚಿ ಮೇಲೆ ಕೂರೋರು ಅಂದ್ಕೊಂಡಿದ್ದೆ," ಎಂದರು. "ನೀವು ನೋಡಿದ್ರೆ ನಮ್ ಥರಾನೇ ನೆಲದ ಮೇಲೆ ಕೂತು ಕೈ ಮಸಿ ಮಾಡ್ಕೊಂಡಿದೀರಿ."

"ಎರಡೂ ಇದೆ ಅಕ್ಕ. ನಂಗೆ ಇದೇ ಇಷ್ಟ."

"ಇವಳಿಗೂ ಇದೇ ಇಷ್ಟ. ಇವಳನ್ನ ಓದಿಸಿದ್ರೆ ಸಾಕಪ್ಪಾ, ಎಲ್ಲಾದ್ರೂ ಅಂಗಡೀಲಿ ಬಿಲ್ ಬರೀತಾಳೆ ಅಂತಿದ್ದೆ." ಅವರು ಚಕ್ರ ತಿರುಗಿಸಿ ನೋಡಿದರು. ಸೂಜಿ ಮೇಲೆ ಕೆಳಗೆ ಸರಾಗವಾಗಿ ಓಡಿತು. ಆಮೇಲೆ ಮಗಳ ಕಡೆ ತಿರುಗಿ, "ಇನ್ಮೇಲೆ ಬಿಚ್ಚೋದಾದ್ರೆ ನನ್ನೂ ಕರಿ," ಎಂದರು.

ಚಿಲಕದ ಗಂಟು ಬಿಡಿಸಿದ್ದು ಕೊಕ್ಕರೆ. ಶಾಲೆಯ ವಿಜ್ಞಾನ ಪ್ರದರ್ಶನದ ದಿನ ಹತ್ತಿರ ಬಂದಿತ್ತು. ಮೊಟ್ಟೆ ಒಡೆದೂ ಒಡೆದೂ ಎಲ್ಲರ ಮುಖ ಇಳಿದಿತ್ತು. ಒರೆಸುವ ಬಟ್ಟೆ ತೆಗೆಯಲು ಅವಳು ಕೋಣೆಯ ಕಬ್ಬಿಣದ ಬೀರುವಿನ ಹಿಡಿ ತಿರುಗಿಸಿದಳು. ಬಾಗಿಲು ತೆರೆಯದೆ ಹಾಗೇ ನಿಂತಳು. ಹಿಡಿಯನ್ನು ಹಿಂದಕ್ಕೆ ತಿರುಗಿಸಿದಳು, ಮತ್ತೆ ಮುಂದಕ್ಕೆ ತಿರುಗಿಸಿದಳು.

"ಬಟ್ಟೆ ತಾರೇ," ಎಂದಳು ಡೌಟು.

ಕೊಕ್ಕರೆ ಬಾಗಿಲ ಒಳಮೈ ಎಲ್ಲರಿಗೂ ಕಾಣುವಂತೆ ತೆರೆದು, ಹಿಡಿಯನ್ನು ತಿರುಗಿಸಿದಳು. ನಡುವೆ ಒಂದು ಬಿಲ್ಲೆ. ಬಿಲ್ಲೆಗೆ ಎರಡು ಸರಳು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಹಿಡಿ ತಿರುಗಿದರೆ ಎರಡೂ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ.

"ಒಂದು ಬಿಟ್ಟು ಒಂದು ಹೋಗಕ್ಕಾಗಲ್ಲ," ಎಂದಳು ಅವಳು. ಅಷ್ಟೇ ಹೇಳಿದ್ದು.

ಒಂದು ಕ್ಷಣ ಎಲ್ಲರೂ ಬೀರುವನ್ನೇ ನೋಡಿದರು. ಆಮೇಲೆ ಕೋಣೆಯೇ ಹಾರಿಹೋಗುವಂಥ ಗಲಾಟೆ. ಯಾರೋ ಕೊಕ್ಕರೆಯನ್ನು ಎತ್ತಲು ಹೋಗಿ, ಅವಳ ಎತ್ತರಕ್ಕೆ ಆಗದೆ ಇಬ್ಬರೂ ಬಿದ್ದರು. ಲಿಫ್ಟಕ್ಕ ಬಾಗಿಲಲ್ಲಿ ನಿಂತು ನೀರಿನ ಲೋಟ ಹಿಡಿದೇ ನಗುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದ ಉತ್ತರ ಬೇರೆಯದೇ ಇತ್ತು, ಇದು ಅದಕ್ಕಿಂತ ಚೆಂದವಿತ್ತು. ಗ್ರೀಸ್ ಮಾವ ಗುಜರಿಯಿಂದ ಹಳೆಯ ಬೀರುವಿನ ಬೀಗವೊಂದನ್ನು ತಂದುಕೊಟ್ಟ. ಸರಳುಗಳನ್ನು ಅಡ್ಡವಾಗಿ ಕೂರಿಸಿ, ಬಿಲ್ಲೆಗೆ ಸ್ಪ್ರಿಂಗು ಕಟ್ಟಿ, ಹಗ್ಗವನ್ನು ಹಿಡಿಗೆ ಬಿಗಿದರು. ಮೊದಲ ಪ್ರಯತ್ನದಲ್ಲೇ ಪೆಟ್ಟಿಗೆ "ಟಕ್" ಎಂದು ನಿಂತಿತು. ಮೊಟ್ಟೆ ಒಳಗೆ ಒಂದು ಸಲ ಅಲುಗಾಡಿ ಸುಮ್ಮನಾಯಿತು. ನಂಬಿಕೆ ಸಾಲದೆ ಮತ್ತೆ ಮತ್ತೆ ಬೀಳಿಸಿದರು. ಪ್ರತಿ ಸಲವೂ ಟಕ್.

ಪ್ರದರ್ಶನದ ದಿನ ಸಭಾಂಗಣ ಮೊದಲ ಭಾಷಣದ ದಿನಕ್ಕಿಂತ ಹೆಚ್ಚು ತುಂಬಿತ್ತು. ಅಪ್ಪ ಅಮ್ಮಂದಿರು, ಅಕ್ಕಪಕ್ಕದ ಶಾಲೆಗಳ ಶಿಕ್ಷಕರು, ಕಂಪನಿಯ ದೊಡ್ಡ ಕಚೇರಿಯ ಅಧಿಕಾರಿ. ಲಿಫ್ಟಕ್ಕನ ಗಂಡ ಕಂಬಿಗಳಿಗೆ ಬಂಗಾರದ ಬಣ್ಣ ಬಳಿದಿದ್ದ. ಫೋಟೋ ಕಟ್ಟಿನ ಅಭ್ಯಾಸ. ಅತ್ತೆಯೂ ಬಂದಿದ್ದರು. ಅವರು ಹುಟ್ಟಿದಾಗಿನಿಂದ ಲಿಫ್ಟು ಹತ್ತಿದವರಲ್ಲ, ಎಷ್ಟೇ ಎತ್ತರವಾದರೂ ಮೆಟ್ಟಿಲೇ.

ಕಂಬಿಯ ಪಕ್ಕ ನಿಂತು ಡೌಟು ವಿವರಿಸತೊಡಗಿದಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಬಂದು ಅವಳ ಕಿವಿಯಲ್ಲಿ ಏನೋ ಹೇಳಿದಳು. ಡೌಟುವಿನ ಮುಖ ಬಿಳಿಚಿತು. ಬೆಳಗಿನ ಕೊನೆಯ ಅಭ್ಯಾಸದ ಉತ್ಸಾಹದಲ್ಲಿ ಯಾರೋ ಮೊಟ್ಟೆಯ ಬುಟ್ಟಿಯ ಮೇಲೆಯೇ ಕೂತುಬಿಟ್ಟಿದ್ದರು. ಒಂದೂ ಉಳಿದಿರಲಿಲ್ಲ.

"ನಾನೇ ಕೂರ್ಲಾ ಅಕ್ಕ?" ಎಂದಳು ಡೌಟು.

"ಪೆಟ್ಟಿಗೆ ನಿನ್ನ ತಲೆಯಷ್ಟೂ ಇಲ್ಲ. ಸುಮ್ನಿರು."

ಮುಂದಿನ ಸಾಲಿನಿಂದ ಹೆಡ್‌ಮಿಸ್ ಎದ್ದರು. ಗಾಂಭೀರ್ಯದಿಂದ ನಡೆದು ಬಂದು, ಮೂಗಿನ ಮೇಲಿನ ಕನ್ನಡಕ ತೆಗೆದು, ಬಿಚ್ಚಿದ ಹಾಗೆಯೇ ಪೆಟ್ಟಿಗೆಯೊಳಗೆ ಇಟ್ಟರು.

"ಇದು ಒಡೆದ್ರೆ ನಂಗೆ ಉತ್ತರ ಪತ್ರಿಕೆ ಕಾಣಲ್ಲ," ಎಂದರು. "ಕಾಣ್ದಿದ್ರೆ ಎಲ್ಲರಿಗೂ ಸೊನ್ನೆ. ನಡೀಲಿ."

ಪೆಟ್ಟಿಗೆ ಮೇಲಕ್ಕೇರಿತು. ಡೌಟು ಹಗ್ಗ ಕತ್ತರಿಸಲು ಹೋದಳು. ಶಾಲೆಯ ಕತ್ತರಿ ಮೊಂಡು. ಹಗ್ಗ ಜಗಿದಂತಾಯಿತೇ ಹೊರತು ತುಂಡಾಗಲಿಲ್ಲ. ಜನ ನಗಲು ಶುರು ಮಾಡಿದರು. ಆಗ ಅವಳ ಅಮ್ಮ ಗುಂಪಿನಿಂದ ದಾರಿ ಮಾಡಿಕೊಂಡು ಬಂದರು. ಚೀಲದಿಂದ ಹೊಲಿಗೆಯ ದೊಡ್ಡ ಕತ್ತರಿ ತೆಗೆದು, "ಬಿಡು, ಇದು ನನ್ ಕೆಲಸ," ಎಂದು ಮೇಜಿನ ಮೇಲೆ ಹತ್ತಿದರು. ಮಗಳ ಕಡೆ ಒಮ್ಮೆ ನೋಡಿದರು. ಡೌಟು ತಲೆಯಾಡಿಸಿದಳು.

ಕಚಕ್.

ಪೆಟ್ಟಿಗೆ ಬಿತ್ತು. ಬಿದ್ದದ್ದು ಗೇಣಿನಷ್ಟೂ ಇಲ್ಲ. ಟಕ್ ಎಂಬ ಸದ್ದಿನೊಡನೆ ಗಾಳಿಯಲ್ಲೇ ನೆಟ್ಟಗೆ ನಿಂತಿತು. ತುಂಡಾದ ಹಗ್ಗದ ತುದಿ ಮೇಲಿನಿಂದ ಸುರುಳಿಯಾಗಿ ಬಂದು ಮೇಜಿನ ಮೇಲೆ ಕೂತಿತು. ಕೊಕ್ಕರೆ ಏಣಿ ಬೇಕಿಲ್ಲದೆ ಕೈ ನೀಡಿ ಕನ್ನಡಕ ತೆಗೆದು ಹೆಡ್‌ಮಿಸ್‌ಗೆ ಕೊಟ್ಟಳು. ಅವರು ಹಾಕಿಕೊಂಡು, ಅದರ ಮೇಲಿಂದ ಸಭೆಯನ್ನೊಮ್ಮೆ ನೋಡಿ, ಮೊದಲ ಚಪ್ಪಾಳೆ ತಟ್ಟಿದರು. ಆಮೇಲೆ ಕೇಳಬೇಕೇ? ಹುಡುಗಿಯರು ಬೆಂಚಿನ ಮೇಲೆ ಹತ್ತಿ ಕುಣಿದರು. ಮ್ಯಾನೇಜರ್ ತಮ್ಮ ಬೆನ್ನು ನೋವನ್ನು ಮರೆತು ಒಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಡೌಟುವಿನ ಅಮ್ಮ ಮೇಜಿನಿಂದ ಇಳಿಯುವುದನ್ನೇ ಮರೆತು, ಕತ್ತರಿ ಹಿಡಿದು ಅಲ್ಲೇ ನಿಂತಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಲಿಫ್ಟಕ್ಕ ಅತ್ತೆಯನ್ನು ಕೇಳಿದಳು, "ಈಗಾದ್ರೂ ನಂಬಿಕೆ ಬಂತಾ ಅತ್ತೆ? ಲಿಫ್ಟು ಹತ್ತುತೀರಾ?"

"ನಂಬಿಕೆ ಬಂತಮ್ಮ, ಬರದೇ ಏನು," ಎಂದರು ಅತ್ತೆ. "ಆದ್ರೆ ನನ್ ಕಾಲು ಚೆನ್ನಾಗಿದೆ."

ದೊಡ್ಡ ಕಚೇರಿಯ ಅಧಿಕಾರಿ ಆ ಚಿತ್ರಗಳ ಭಾಷಣವನ್ನು ರದ್ದು ಮಾಡಿಸಿದರು. ಬೇರೆ ಶಾಖೆಗಳಿಂದಲೂ ಬಂಗಾರದ ಕಂಬಿಗೆ ಬೇಡಿಕೆ ಬಂತು. ತಿಂಗಳಿಗೊಂದು ದಿನ ಶಾಲೆಗೆ ಹೋಗುವುದು ಲಿಫ್ಟಕ್ಕನ ಕೆಲಸದ ಭಾಗವೇ ಆಯಿತು. ಗ್ರೀಸ್ ಮಾವ ನಿವೃತ್ತನಾದ ಮೇಲೂ ಆ ಒಂದು ದಿನ ತಪ್ಪಿಸುವುದಿಲ್ಲ. ಹಳದಿ ಗೆರೆಯ ಹತ್ತಿರ ನಿಂತು ಗದರಿಸಲು ತಾನೇ ಬೇಕು ಎನ್ನುತ್ತಾನೆ. ಗದರಿಸುವುದಕ್ಕಿಂತ ಹೆಚ್ಚು ಹೊತ್ತು ಕತೆ ಹೇಳುತ್ತಾನೆ.

ಆ ಮೊದಲ ಗುಂಪಿನವರೆಲ್ಲ ಎಂಜಿನಿಯರ್ ಆಗಲಿಲ್ಲ. ಕಂಬಕ್ಕೊರಗಿ ಮಲಗಿದ್ದವಳು ದಾದಿಯಾಗಿದ್ದಾಳೆ, ಈಗ ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರುತ್ತಾಳಂತೆ. ಕೊಕ್ಕರೆ ಬೀಗ ತಯಾರಿಸುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಾಳೆ. ಡೌಟು ಮೆಕ್ಯಾನಿಕಲ್ ಓದಿ ಸೇತುವೆ ಪರೀಕ್ಷಿಸುವ ತಂಡದಲ್ಲಿದ್ದಾಳೆ. ಹಗ್ಗಕ್ಕೆ ನೇತುಬಿದ್ದು ಸೇತುವೆಯ ಹೊಟ್ಟೆಯನ್ನು ಸುತ್ತಿಗೆಯಿಂದ ತಟ್ಟಿ ನೋಡುವ ಕೆಲಸ. ಅವಳ ಅಮ್ಮನಿಗೆ ಅದರ ಫೋಟೋ ಕಳಿಸಿದಾಗ, ಆ ಹಗ್ಗ ಎಲ್ಲಿ ಕೊಂಡದ್ದು, ಹೊಲಿಗೆ ಗಟ್ಟಿಯಿದೆಯಾ ಎಂದು ವಿಚಾರಿಸಿದರಂತೆ.

ಮೊನ್ನೆ ಲಿಫ್ಟಕ್ಕ ಊರಾಚೆಯ ಒಂದು ಸಣ್ಣ ಶಾಲೆಗೆ ಹೋಗಿದ್ದಳು. ಖಾಲಿ ಲಿಫ್ಟು ಮೇಲಕ್ಕೇರುವ ಕತೆ ಹೇಳಿ, ಕಂಬಿ ನಿಲ್ಲಿಸಿ, ಹಗ್ಗ ಕತ್ತರಿಸಿ, ಚಪ್ಪಾಳೆ ಎಲ್ಲ ಮುಗಿದಿತ್ತು. ಸಾಮಾನು ಕಟ್ಟುವಾಗ ಎರಡು ಜಡೆಯ ಪುಟ್ಟ ಹುಡುಗಿ ವ್ಯಾನಿನ ಹತ್ತಿರ ಬಂದು ನಿಂತಳು.

"ಅಕ್ಕ, ಲಿಫ್ಟನ್ನ ಚಂದ್ರನ ಮೇಲೆ ಇಟ್ರೆ? ಅಲ್ಲಿ ಎಲ್ಲಾ ಹಗುರ ಅಲ್ವಾ? ಆಗ ಖಾಲಿ ಲಿಫ್ಟು ಮೇಲಕ್ಕೆ ಹೋಗತ್ತಾ?"

ಲಿಫ್ಟಕ್ಕ ಸುತ್ತುತ್ತಿದ್ದ ಹಗ್ಗವನ್ನು ಕೆಳಗಿಟ್ಟಳು. "ನೀನೇನಂತೀಯ?" ಎಂದಳು.

"ಹೋಗತ್ತೆ. ಆದ್ರೆ ಮೆತ್ತಗೆ."

ವ್ಯಾನು ಹೊರಟಿತು. ಚಂದ್ರನ ಮೇಲೆ ಲಿಫ್ಟು ಹೋಗುವುದೇ ಇಲ್ಲ ಎಂದ ಗ್ರೀಸ್ ಮಾವ, ಬ್ರೇಕಿನ ಸ್ಪ್ರಿಂಗಿಗೆ ಚಂದ್ರನೂ ಒಂದೇ ಭೂಮಿಯೂ ಒಂದೇ, ಹಿಡಿದೇ ಇರುತ್ತದೆ ಎಂದ. ಅವಳು ಬ್ರೇಕು ಬಿಡಿಸಿದ ಮೇಲಿನ ಮಾತು ಆಡು ಮಾವ ಎಂದಳು. ಅವನು ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಲ್ಲಿ ಒಂದು ರಾಟೆ ಬರೆದ. ಅವಳು ಅದರ ಪಕ್ಕ ಎರಡು ಬಾಣ ಬರೆದಳು. ಡ್ರೈವರ್ ಇಬ್ಬರನ್ನೂ ಕನ್ನಡಿಯಲ್ಲಿ ನೋಡಿ, "ಕಚೇರಿಗಾ, ಮನೆಗಾ?" ಎಂದು ಕೇಳಿದ. ಇಬ್ಬರಿಗೂ ಕೇಳಿಸಲಿಲ್ಲ.